ದ್ವಿ-ಇಂಧನ ಜನರೇಟರ್: ಕಾಲು ಲೋಡಿನ ಲೆಕ್ಕವನ್ನೂ ಕೊಡಿ

ಮಾನ್ಯ ಸಂಪಾದಕರೆ,

ಡೀಸೆಲ್ ಜನರೇಟರ್‌ಗೆ ಅನಿಲದ ಕಿಟ್ ಜೋಡಿಸಿ, ಡೀಸೆಲ್ ಮತ್ತು ಅನಿಲ ಎರಡನ್ನೂ ಒಟ್ಟಿಗೆ ಉರಿಸುವ ದ್ವಿ-ಇಂಧನ ಯಂತ್ರವಾಗಿ ಮಾಡಿಕೊಂಡರೆ ಹೊಗೆಯೂ ತಗ್ಗುತ್ತದೆ, ಖರ್ಚೂ ತಗ್ಗುತ್ತದೆ ಎಂಬ ಮಾತು ಈಚೆಗೆ ಅಪಾರ್ಟ್‌ಮೆಂಟ್ ಸಂಘಗಳ ಸಭೆಗಳಲ್ಲಿ, ಕೈಗಾರಿಕಾ ವಸಾಹತುಗಳಲ್ಲಿ ಎಲ್ಲೆಡೆ ಕೇಳಿಬರುತ್ತಿದೆ. ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷ ಎಂಜಿನ್ ಪ್ರಯೋಗಾಲಯವನ್ನು ನೋಡಿಕೊಂಡು ನಿವೃತ್ತನಾದವನು ನಾನು. ಆ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ಯಾರೂ ಹೇಳುತ್ತಿಲ್ಲವಾದ್ದರಿಂದ ಪತ್ರ ಸ್ವಲ್ಪ ಉದ್ದವಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ನಾನು ವಾಸವಾಗಿರುವ ವಸತಿ ಸಮುಚ್ಚಯದಲ್ಲಿ 250 ಕೆವಿಎ ಸಾಮರ್ಥ್ಯದ ಜನರೇಟರ್ ಇದೆ. ಕಳೆದ ವರ್ಷ ಒಬ್ಬ ಗುತ್ತಿಗೆದಾರರು ಅದಕ್ಕೆ ನೈಸರ್ಗಿಕ ಅನಿಲದ ಕಿಟ್ ಅಳವಡಿಸಿ, ಇನ್ನು ಮುಂದೆ ಶೇ 70ರಷ್ಟು ಡೀಸೆಲ್ ಉಳಿಯುತ್ತದೆ ಎಂದು ಬರೆದುಕೊಟ್ಟರು. ಹಗಲು ಹೊತ್ತಿನಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಮೊದಲು ಗೋಡೆಗೆ ಮಸಿ ಹಿಡಿಸುತ್ತಿದ್ದ ಹೊಗೆ ಕೊಳವೆಯಿಂದ ಕಣ್ಣಿಗೆ ಕಾಣುವಂಥದ್ದೇನೂ ಬರುತ್ತಿರಲಿಲ್ಲ. ರಾತ್ರಿ ಕರೆಂಟು ಹೋದಾಗ ಮಾತ್ರ ನೆಲಮಹಡಿಯ ಮನೆಗಳವರು ಕಣ್ಣುರಿ ಎನ್ನತೊಡಗಿದರು, ಹಸಿ ಗ್ಯಾಸಿನ ಜೊತೆಗೆ ಏನೋ ಸೀದಂಥ ಕಟುವಾಸನೆ ಎನ್ನತೊಡಗಿದರು. ನಾನು ಇಳಿದುಹೋಗಿ ಪ್ಯಾನೆಲ್ ನೋಡಿದೆ. ಲಿಫ್ಟು, ಮೆಟ್ಟಿಲಿನ ದೀಪ, ಒಂದು ಪಂಪು, ಕೆಲವು ಮನೆಗಳ ಫ್ಯಾನು ಎಲ್ಲ ಸೇರಿ ಲೋಡು 35 ಕಿಲೋವಾಟ್ ಇತ್ತು. ಎಂದರೆ 200 ಕಿಲೋವಾಟ್ ಕೊಡಬಲ್ಲ ಯಂತ್ರ ತನ್ನ ಶಕ್ತಿಯ ಆರನೇ ಒಂದು ಪಾಲಿಗಿಂತ ತುಸುವೇ ಹೆಚ್ಚು ಕೆಲಸ ಮಾಡುತ್ತಿತ್ತು. ಗುತ್ತಿಗೆದಾರರು ಕೊಟ್ಟಿದ್ದ ಪರೀಕ್ಷಾ ಪತ್ರವನ್ನು ಹುಡುಕಿ ತೆಗೆದರೆ ಅದರಲ್ಲಿ ಒಂದೇ ಸಾಲಿನ ಅಂಕಿಗಳಿದ್ದವು, ಅವೂ ಶೇ 80ರ ಲೋಡಿನವು.

ದೂರು ಹೇಳಿದಾಗ ಅವರು ಕೊಟ್ಟ ಉತ್ತರ, "ಡೀಸೆಲ್ ಬಿಲ್ ನೋಡಿ ಸಾರ್." ಬಿಲ್ ಇಳಿದದ್ದು ನಿಜ. ಆದರೆ ಡೀಸೆಲ್ ಎಷ್ಟು ಉಳಿಯಿತು ಎಂಬ ಒಂದೇ ಅಂಕಿಯಿಂದ ದ್ವಿ-ಇಂಧನ ಎಂಜಿನ್ನಿನ ಗುಣವನ್ನು ಅಳೆಯುವ ಈ ರೂಢಿಯೇ ತಪ್ಪು ಎಂಬುದು ನನ್ನ ವಾದ. ಅದೇಕೆಂದು ತಿಳಿಯಬೇಕಾದರೆ ಸಿಲಿಂಡರಿನೊಳಗೆ ನಡೆಯುವುದನ್ನು ಸ್ವಲ್ಪ ನೋಡಬೇಕು.

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಹದಿನೇಳು ಹದಿನೆಂಟು ಪಟ್ಟು ಒತ್ತಿ ಬಿಸಿಮಾಡಿ, ಆ ಬಿಸಿಗೆ ಡೀಸೆಲ್ ಸಿಂಪಡಿಸಿದರೆ ಅದು ತಾನಾಗಿ ಹತ್ತಿಕೊಳ್ಳುತ್ತದೆ. ನೈಸರ್ಗಿಕ ಅನಿಲದ ಮುಖ್ಯ ಭಾಗವಾದ ಮೀಥೇನ್ ಹೀಗೆ ಸುಲಭವಾಗಿ ಹತ್ತಿಕೊಳ್ಳುವ ಪೈಕಿಯದಲ್ಲ. ಡೀಸೆಲ್‌ಗೆ 250 ಡಿಗ್ರಿ ಸೆಲ್ಸಿಯಸ್ ಒಳಗೇ ಸಾಕಾದರೆ ಅದಕ್ಕೆ 500 ಡಿಗ್ರಿಗೂ ಮೀರಿದ ತಾಪ ಬೇಕು. ಆದ್ದರಿಂದ ಅನಿಲವನ್ನು ಗಾಳಿಯೊಡನೆ ಬೆರೆಸಿ ಒಳಗೆಳೆದುಕೊಂಡು, ಕೊನೆಯಲ್ಲಿ ಸ್ವಲ್ಪ ಡೀಸೆಲ್ ಸಿಂಪಡಿಸಿ, ಆ ಡೀಸೆಲಿನ ಕಿಡಿಯಿಂದ ಇಡೀ ಮಿಶ್ರಣಕ್ಕೆ ಬೆಂಕಿ ಹಬ್ಬಿಸಲಾಗುತ್ತದೆ. ಈ ಚೂರು ಡೀಸೆಲ್‌ಗೆ ಪೈಲಟ್ ಎನ್ನುತ್ತಾರೆ. ಒಲೆ ಹೊತ್ತಿಸಲು ಮೊದಲು ಇಡುವ ಪುರುಳೆಯ ಹಾಗೆ ಅದರ ಕೆಲಸ. ಬೆರೆತ ಅನಿಲ ಸಮನಾಗಿ ಉರಿಯುವುದರಿಂದ, ಡೀಸೆಲ್ ಹನಿಯ ಸುತ್ತ ಆಮ್ಲಜನಕ ಸಾಲದೆ ಹುಟ್ಟುವ ಮಸಿ ಬಹುಪಾಲು ಇಲ್ಲವಾಗುತ್ತದೆ. ನಮ್ಮ ಗೋಡೆ ಬೆಳ್ಳಗೆ ಉಳಿದದ್ದು ಇದರಿಂದಲೇ.

ತೊಂದರೆಯ ಮೂಲವೂ ಇದೇ ವ್ಯವಸ್ಥೆಯಲ್ಲಿದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಕೆಲಸ ಕಡಿಮೆಯಾದಾಗ ಥ್ರಾಟಲ್ ಮುಚ್ಚಿ ಗಾಳಿಯನ್ನೂ ಕಡಿಮೆ ಮಾಡಲಾಗುತ್ತದೆ. ಸಾಮಾನ್ಯ ಡೀಸೆಲ್ ಎಂಜಿನ್ನಿನಲ್ಲಿ ಅದಿಲ್ಲ. ಲೋಡು ಎಷ್ಟೇ ಇರಲಿ, ಸಿಲಿಂಡರು ಪ್ರತಿ ಸಲವೂ ತುಂಬ ಗಾಳಿ ಎಳೆದುಕೊಳ್ಳುತ್ತದೆ. ಇಂಧನ ಮಾತ್ರ ಹೆಚ್ಚು ಕಡಿಮೆಯಾಗುತ್ತದೆ. ಡೀಸೆಲ್ ಒಂದೇ ಆಗಿದ್ದರೆ ಇದರಿಂದ ಬಾಧಕವಿಲ್ಲ, ಏಕೆಂದರೆ ಸಿಂಪಡಿಸಿದ ಹನಿ ತನ್ನ ಸುತ್ತಲ ಗಾಳಿಯಲ್ಲಿ ಉರಿದುಕೊಳ್ಳುತ್ತದೆ. ಅನಿಲವಾದರೋ ಅಷ್ಟೂ ಗಾಳಿಯಲ್ಲಿ ಹರಡಿಹೋಗಿರುತ್ತದೆ. ಸಾಮಾನ್ಯ ತಾಪದಲ್ಲಿ ಗಾಳಿಯೊಳಗೆ ಮೀಥೇನ್ ಶೇ 5ರಿಂದ 15ರ ನಡುವೆ ಇದ್ದರೆ ಮಾತ್ರ ಜ್ವಾಲೆ ಮುಂದೆ ಹಬ್ಬುತ್ತದೆ. ಒತ್ತಿ ಬಿಸಿಮಾಡಿದಾಗ ಈ ಮಿತಿ ಒಂದಿಷ್ಟು ಸಡಿಲಾಗುತ್ತದೆ, ನಿಜ. ಆದರೆ ಕಾಲು ಲೋಡಿನಲ್ಲಿ, ಶೇ 70ರಷ್ಟು ಶಕ್ತಿ ಅನಿಲದಿಂದಲೇ ಬರಬೇಕೆಂದು ಹಟ ಹಿಡಿದರೆ, ನನ್ನ ಸ್ಥೂಲ ಲೆಕ್ಕದಂತೆ ಸಿಲಿಂಡರಿನಲ್ಲಿ ಅನಿಲದ ಪಾಲು ಶೇ 2ಕ್ಕೂ ಕಡಿಮೆ. ಪೈಲಟ್ ಡೀಸೆಲಿನ ಅಕ್ಕಪಕ್ಕದ ಅನಿಲ ಉರಿಯುತ್ತದೆ, ದೂರದ್ದು ಅರೆಬೆಂದು ಕಾರ್ಬನ್ ಮೊನಾಕ್ಸೈಡ್ ಮತ್ತು ಫಾರ್ಮಾಲ್ಡಿಹೈಡ್ ಆಗುತ್ತದೆ, ಇನ್ನೂ ಅಂಚಿನದು, ಪಿಸ್ಟನ್ ರಿಂಗಿನ ಮೇಲಿನ ಸಂದಿಯಲ್ಲಿ ಸಿಕ್ಕಿಕೊಂಡದ್ದು, ಹೇಗೆ ಬಂದಿತ್ತೋ ಹಾಗೆಯೇ ಹೊಗೆ ಕೊಳವೆಯಿಂದ ಹೊರಟುಹೋಗುತ್ತದೆ. ಒಳಗಿನ ಕವಾಟವೂ ಹೊರಗಿನ ಕವಾಟವೂ ಒಂದು ಕ್ಷಣ ಒಟ್ಟಿಗೆ ತೆರೆದಿರುವ ಎಂಜಿನ್ನುಗಳಲ್ಲಿ ಒಂದಷ್ಟು ಅನಿಲ ಸಿಲಿಂಡರನ್ನು ಸೋಕದೆಯೇ ಹಾದುಹೋಗುವುದೂ ಉಂಟು. ನಮ್ಮ ನೆಲಮಹಡಿಯವರ ಕಣ್ಣುರಿಗೆ ಕಾರಣ ಬಹುಮಟ್ಟಿಗೆ ಆ ಫಾರ್ಮಾಲ್ಡಿಹೈಡ್ ಎಂದು ನನ್ನ ಅಂದಾಜು.

ಪೂರ್ಣ ಲೋಡಿನ ಕಡೆ ಹೋದರೆ ಕಥೆ ತಿರುವುಮುರುವಾಗುತ್ತದೆ. ಅಲ್ಲಿ ಅನಿಲ ಚೆನ್ನಾಗಿ ಉರಿಯುತ್ತದೆ, ದಕ್ಷತೆ ಡೀಸೆಲಿನ ಸಮಕ್ಕೆ ಬರುತ್ತದೆ, ಹಲವು ಎಂಜಿನ್ನುಗಳಲ್ಲಿ ನೈಟ್ರೋಜನ್ ಆಕ್ಸೈಡುಗಳೂ ಇಳಿಯುತ್ತವೆ. ಅನಿಲದ ಪಾಲನ್ನು ಮಿತಿಮೀರಿ ಏರಿಸಿದರೆ ಮಾತ್ರ ಮಿಶ್ರಣ ಒಮ್ಮೆಗೇ ಸ್ಫೋಟಿಸುವಂತೆ ಉರಿದು ಎಂಜಿನ್ ಬಡಿದುಕೊಳ್ಳುತ್ತದೆ. ಶೇ 80ರ ಲೋಡಿನಲ್ಲಿ ಪರೀಕ್ಷೆ ಮಾಡಿದವರು ಸುಳ್ಳು ಹೇಳಿದ್ದಾರೆಂದು ನಾನು ಹೇಳುತ್ತಿಲ್ಲ. ಮದುವೆಯ ದಿನ ತೆಗೆಸಿದ ಫೋಟೊ ತೋರಿಸಿ ಮನೆತನದ ವಿಚಾರ ಹೇಳಿದಂತೆ, ಅಷ್ಟೆ.

ನೆಲಮಹಡಿಯ ಕಣ್ಣುರಿಯಾಚೆಗೂ ಇದರ ಪರಿಣಾಮವಿದೆ. ಉರಿಯದೆ ಹೊರಹೋಗುವ ಮೀಥೇನ್ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು, ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ 80 ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿಮಾಡುತ್ತದೆ. ಒಂದು ಕಿಲೋ ಮೀಥೇನ್ ಉರಿಸಿದರೆ, ಅಷ್ಟೇ ಶಾಖ ಕೊಡುವ ಡೀಸೆಲಿಗೆ ಹೋಲಿಸಿದಾಗ, ಹೊರಬರುವ ಇಂಗಾಲದ ಡೈಆಕ್ಸೈಡಿನಲ್ಲಿ ಒಂದು ಕಿಲೋಗಿಂತ ತುಸು ಕಡಿಮೆಯಷ್ಟು ಉಳಿತಾಯವಾಗುತ್ತದೆ. ಇವೆರಡನ್ನೂ ಒಟ್ಟಿಗಿಟ್ಟು ಭಾಗಿಸಿದರೆ ಕೊಟ್ಟ ಅನಿಲದಲ್ಲಿ ಶೇ 3ರಿಂದ 4ರಷ್ಟು ಹಾಗೆಯೇ ಸೋರಿಹೋದರೆ ಸಾಕು, ಹವಾಮಾನದ ದೃಷ್ಟಿಯಿಂದ ಆದ ಲಾಭವೆಲ್ಲ ಸೊನ್ನೆಯಾಗುತ್ತದೆ. ಇಪ್ಪತ್ತು ವರ್ಷಗಳ ಲೆಕ್ಕ ಹಿಡಿದರೆ ಶೇ 1ರ ಆಸುಪಾಸಿನಲ್ಲೇ ಸೊನ್ನೆ. ಕಡಿಮೆ ಲೋಡಿನ ಹಳೆಯ ಎಂಜಿನ್ನುಗಳಿಗೆ ಹೊರಗಿನಿಂದ ಕಿಟ್ ಜೋಡಿಸಿದಾಗ ಈ ಸೋರಿಕೆ ಶೇ 10ನ್ನು ದಾಟುವುದು ಅಪರೂಪದ ಸಂಗತಿಯಲ್ಲ. ಹಡಗುಗಳಲ್ಲಿ ದ್ರವೀಕೃತ ಅನಿಲದ ದ್ವಿ-ಇಂಧನ ಎಂಜಿನ್ನುಗಳು ಬಂದ ಮೇಲೆ ಯುರೋಪಿನ ನಿಯಮಕಾರರು ಇದೇ ಕಾರಣಕ್ಕೆ, ಕೆಲವು ಬಗೆಯ ಎಂಜಿನ್ನುಗಳಿಗೆ ಬೇರೆ ಪುರಾವೆ ಇಲ್ಲದಿದ್ದರೆ ಶೇ 3.1ರಷ್ಟು ಸೋರಿಕೆ ಇದೆಯೆಂದೇ ಲೆಕ್ಕ ಹಿಡಿಯುತ್ತಾರೆ. ನಮ್ಮಲ್ಲಿ ಹಾಗಲ್ಲ: ಮೀಥೇನ್ ವಿಷವಲ್ಲ, ಮಬ್ಬು ಕವಿಸುವುದಿಲ್ಲ ಎಂಬ ಕಾರಣಕ್ಕೆ ಅನಿಲ ಎಂಜಿನ್ನುಗಳ ಅನೇಕ ಮಾನದಂಡಗಳಲ್ಲಿ ಹೈಡ್ರೋಕಾರ್ಬನ್ (ಉರಿಯದೆ ಹೊರಬಂದ ಇಂಧನ) ಅಳೆಯುವಾಗ ಮೀಥೇನನ್ನು ಕಳೆದು ಉಳಿದದ್ದನ್ನಷ್ಟೇ ಎಣಿಸುವ ಪದ್ಧತಿಯಿದೆ. ಮುಖ್ಯ ಕಳ್ಳನನ್ನೇ ಎಣಿಕೆಯಿಂದ ಬಿಟ್ಟಂತೆ.

ಹೊಗೆ ಕೊಳವೆಗೆ ಕ್ಯಾಟಲಿಟಿಕ್ ಕನ್ವರ್ಟರ್ ಹಾಕಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಕಾರ್ಬನ್ ಮೊನಾಕ್ಸೈಡ್‌ಗೆ ಅದು ಒಳ್ಳೆಯ ಮದ್ದು. ಮೀಥೇನ್ ಮಾತ್ರ ಬಹಳ ಗಟ್ಟಿ ಅಣು. ಪಲ್ಲೇಡಿಯಮ್ ಲೇಪಿಸಿದ ಕನ್ವರ್ಟರಿನಲ್ಲೂ ಅದು ಉರಿಯಲು ಹೊಗೆಯ ತಾಪ 400 ಡಿಗ್ರಿಗಿಂತ ಮೇಲಿರಬೇಕು. ಕಡಿಮೆ ಲೋಡಿನಲ್ಲಿ ಹೊಗೆಯ ತಾಪ ಅದರ ಅರ್ಧದಷ್ಟಿದ್ದರೆ ಹೆಚ್ಚು. ಮದ್ದು ಬೇಕಾದ ಹೊತ್ತಿನಲ್ಲೇ ಅದು ಕೆಲಸ ಮಾಡುವುದಿಲ್ಲ.

ಇಷ್ಟು ಹೇಳಿದ್ದನ್ನು ಓದಿ ನಾನು ದ್ವಿ-ಇಂಧನ ಎಂಜಿನ್ನಿನ ವಿರೋಧಿ ಎಂದು ಯಾರೂ ತಿಳಿಯಬಾರದು. ಈ ವಿದ್ಯೆಗೆ ನಮ್ಮ ನೆಲದಲ್ಲಿ ದೊಡ್ಡ ಪರಂಪರೆಯೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಆರಂಭಿಸಿದ, ವಿಜ್ಞಾನ-ತಂತ್ರಜ್ಞಾನವನ್ನು ಹಳ್ಳಿಗಳ ಬಳಕೆಗೆ ತರುವ ಅಸ್ತ್ರ ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯ ಗೋಬರ್ ಗ್ಯಾಸ್ ಘಟಕ ಕಟ್ಟಿದರು. ಮೊದಲು ಅಡುಗೆಗೆ ಅನಿಲ ಕೊಡುವ ಯೋಚನೆಯಿತ್ತು. ಎಲ್ಲ ಮನೆಗಳ ಒಲೆ ಉರಿಸುವಷ್ಟು ಸಗಣಿ ಊರಿನಲ್ಲಿ ಸಿಗಲಿಲ್ಲ. ಊರಿನವರಿಗೆ ಅದಕ್ಕಿಂತ ತುರ್ತಾಗಿ ಬೇಕಿದ್ದದ್ದು ಕುಡಿಯುವ ನೀರು. ಆಗ ಅದೇ ಅನಿಲವನ್ನು ಒಂದು ಸಣ್ಣ ಡೀಸೆಲ್ ಎಂಜಿನ್ನಿಗೆ ಕೊಟ್ಟು, 1987ರಿಂದ ಸುಮಾರು 5 ಕಿಲೋವಾಟ್ ವಿದ್ಯುತ್ತಿನಲ್ಲಿ ಬೋರ್‌ವೆಲ್ ನೀರೆತ್ತಿ ನಲ್ಲಿಗೆ ಕೊಟ್ಟರು, ಮನೆಗಳಿಗೆ ಟ್ಯೂಬ್‌ಲೈಟ್ ಕೊಟ್ಟರು. ಮರುವರ್ಷ ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ, ಸುಮಾರು ಮೂವತ್ತೈದು ಮನೆಗಳ ಪುಟ್ಟ ಊರಿನಲ್ಲಿ, ಸೌದೆಯನ್ನು ಅರೆಗಾಳಿಯಲ್ಲಿ ಸುಟ್ಟು ಅನಿಲ ತೆಗೆಯುವ ಗ್ಯಾಸಿಫೈಯರ್ ಬಂತು, ಮೊದಲು 3.7 ಕಿಲೋವಾಟ್, ಆಮೇಲೆ 20 ಕಿಲೋವಾಟ್. ದೀಪ, ನೀರು, ಹಿಟ್ಟಿನ ಗಿರಣಿ ಅದರಿಂದ ನಡೆದವು. ಅದಕ್ಕೆಂದೇ ಊರಿನ ಪಕ್ಕದಲ್ಲಿ ಸೌದೆಯ ತೋಪನ್ನೂ ಬೆಳೆಸಿದರು.

ಆ ಯಂತ್ರಗಳನ್ನು ನೋಡಿಬಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದದ್ದೇನೆಂದರೆ, ಅಲ್ಲಿ ಲೋಡು ಮೊದಲೇ ಗೊತ್ತಿತ್ತು. ಪಂಪು ಓಡಿಸುವ ಹೊತ್ತು, ದೀಪದ ಹೊತ್ತು, ಗಿರಣಿಯ ಹೊತ್ತು ಎಂದು ಪಾಳಿ ಇತ್ತು. ಎಂಜಿನ್ ಓಡಿದರೆ ಸಾಕಷ್ಟು ಕೆಲಸ ಕೊಟ್ಟೇ ಓಡಿಸುತ್ತಿದ್ದರು, ಇಲ್ಲವಾದರೆ ನಿಲ್ಲಿಸುತ್ತಿದ್ದರು. ಪೇಟೆಯ ಜನರೇಟರು ಹಾಗಲ್ಲ, ಕರೆಂಟು ಹೋದ ಗಳಿಗೆಯಲ್ಲಿ ಯಾರ ಮನೆಯಲ್ಲಿ ಏನು ನಡೆಯುತ್ತಿತ್ತೋ ಅದೇ ಅದರ ಲೋಡು. ಬೇಕಾದ್ದಕ್ಕಿಂತ ಎರಡು ಪಟ್ಟು ದೊಡ್ಡ ಜನರೇಟರ್ ಕೊಳ್ಳುವುದು ನಮ್ಮಲ್ಲಿ ಪ್ರತಿಷ್ಠೆಯ ವಿಷಯವೂ ಹೌದು.

ಇಂಧನ ಬದಲಾದಂತೆ ದೋಷದ ಬಣ್ಣವೂ ಬದಲಾಗುತ್ತದೆ ಎಂಬುದನ್ನೂ ಹೇಳಬೇಕು. ಸೌದೆಯ ಅನಿಲದಲ್ಲಿ ಅರ್ಧದಷ್ಟು ಬರೀ ಸಾರಜನಕ. ಒಂದು ಘನ ಮೀಟರಿಗೆ ಸುಮಾರು 5 ಮೆಗಾಜೌಲ್ ಶಾಖವಷ್ಟೇ, ನೈಸರ್ಗಿಕ ಅನಿಲದಲ್ಲಿರುವುದರ ಏಳನೇ ಒಂದು ಪಾಲು. ಅದರಿಂದ ಎಂಜಿನ್ನಿನ ಶಕ್ತಿ ಶೇ 20ರಿಂದ 30ರಷ್ಟು ಕುಗ್ಗುತ್ತದೆ, ಆದರೆ ಬೆಂಕಿ ತಣ್ಣಗಿರುವುದರಿಂದ ನೈಟ್ರೋಜನ್ ಆಕ್ಸೈಡುಗಳು ಚೆನ್ನಾಗಿ ಇಳಿಯುತ್ತವೆ. ಹಾಗೆಂದು ನಿಶ್ಚಿಂತರಾಗುವಂತಿಲ್ಲ. ಆ ಅನಿಲದ ಐದನೇ ಒಂದು ಪಾಲು ಕಾರ್ಬನ್ ಮೊನಾಕ್ಸೈಡೇ ಆದ್ದರಿಂದ ಉರಿಯದೆ ಉಳಿದದ್ದು, ಪೈಪಿನ ಜಾಯಿಂಟಿನಲ್ಲಿ ಸೋರಿದ್ದು ಎಲ್ಲವೂ ನೇರವಾಗಿ ವಿಷ, ಅದೂ ವಾಸನೆಯಿಲ್ಲದ ವಿಷ. ಗೋಬರ್ ಗ್ಯಾಸಿನಲ್ಲಿ ಮೀಥೇನ್ ಶೇ 60ರ ಸುತ್ತಮುತ್ತ, ಉಳಿದದ್ದು ಬಹುತೇಕ ಇಂಗಾಲದ ಡೈಆಕ್ಸೈಡ್. ಅದು ಜ್ವಾಲೆಯನ್ನು ನಿಧಾನಗೊಳಿಸುತ್ತದೆ, ಜೊತೆಗಿರುವ ಹೈಡ್ರೋಜನ್ ಸಲ್ಫೈಡ್, ತೊಳೆಯದಿದ್ದರೆ, ಬೇರಿಂಗುಗಳನ್ನು ತಿನ್ನುತ್ತದೆ. ಹೈಡ್ರೋಜನ್ನಿನದು ಇದಕ್ಕೆ ವಿರುದ್ಧ ಗುಣ. ಗಾಳಿಯಲ್ಲಿ ಶೇ 4 ಇದ್ದರೂ ಹತ್ತಿಕೊಳ್ಳುವ ಅದು ತೆಳು ಮಿಶ್ರಣದ ಕಷ್ಟವನ್ನು ಬಗೆಹರಿಸುತ್ತದೆ, ಆದರೆ ಹೆಚ್ಚಿನ ಲೋಡಿನಲ್ಲಿ ನೈಟ್ರೋಜನ್ ಆಕ್ಸೈಡುಗಳನ್ನು ಏರಿಸುತ್ತದೆ, ಹಿಮ್ಮುಖವಾಗಿ ಗಾಳಿಯ ಕೊಳವೆಗೇ ಬೆಂಕಿ ಹಾರಿಸುವ ಅಪಾಯವನ್ನೂ ತರುತ್ತದೆ.

ಪೈಲಟ್ ಕೂಡ ಡೀಸೆಲ್ಲೇ ಆಗಬೇಕೆಂದಿಲ್ಲ. ನಮ್ಮ ಹೊಂಗೆಯ ಎಣ್ಣೆಯಿಂದ ಮಾಡಿದ ಬಯೊಡೀಸೆಲ್ ಪೈಲಟ್ ಆಗಿ, ಸೌದೆಯ ಅನಿಲ ಮುಖ್ಯ ಇಂಧನವಾಗಿ ಒಂದೇ ಸಿಲಿಂಡರಿನ ಎಂಜಿನ್ನುಗಳನ್ನು ಓಡಿಸಿ ಅಳೆದ ಪ್ರಯೋಗಗಳು ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ನಡೆದು, ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಕಟವಾಗಿವೆ. ಅಲ್ಲಿ ಕಂಡದ್ದೂ ಸಿಹಿಯ ಜೊತೆ ಕಹಿ: ಪಳೆಯುಳಿಕೆ ಇಂಧನದ ಒಂದು ಹನಿಯೂ ಇಲ್ಲದೆ ಎಂಜಿನ್ ಓಡಿತು, ಡೀಸೆಲ್ ಒಂದರಲ್ಲೇ ಓಡಿದಾಗಿನಷ್ಟು ದಕ್ಷತೆ ಮಾತ್ರ ಬರಲಿಲ್ಲ, ಕಾರ್ಬನ್ ಮೊನಾಕ್ಸೈಡ್ ಏರಿತು. ಗಾಣದಿಂದ ಬಂದ ಹೊಂಗೆ ಎಣ್ಣೆಯನ್ನು ಸಂಸ್ಕರಿಸದೆ ನೇರವಾಗಿ ಹಾಕಬಹುದೆಂದು ರೈತರಿಗೆ ಹೇಳುವವರಿದ್ದಾರೆ. ಡೀಸೆಲಿಗಿಂತ ಹತ್ತು ಪಟ್ಟು ಮಂದವಾದ ಆ ಎಣ್ಣೆ ಸರಿಯಾಗಿ ಸಿಂಪಡಣೆಯಾಗದೆ ಇಂಜೆಕ್ಟರಿನ ಬಾಯಿಗೆ ಕಿಟ್ಟ ಕಟ್ಟಿಸುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಅಂಥ ಇಂಜೆಕ್ಟರುಗಳನ್ನು ಹುಡುಗರು ಸೀಮೆಎಣ್ಣೆಯಲ್ಲಿ ನೆನೆಹಾಕಿ ಉಜ್ಜುತ್ತಿದ್ದುದು ಇನ್ನೂ ಕಣ್ಣಮುಂದಿದೆ.

ಈಗ ನೀತಿಯ ಮಾತು. ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶದಲ್ಲಿ ವಾಯು ಗುಣಮಟ್ಟ ನಿರ್ವಹಣಾ ಆಯೋಗವು 2023ರಲ್ಲಿ ಹೊರಡಿಸಿದ ಆದೇಶಗಳಂತೆ, ಹಳೆಯ ಡೀಸೆಲ್ ಜನರೇಟರುಗಳನ್ನು ಬಳಸಬೇಕಾದರೆ ಹೊಗೆ ತಗ್ಗಿಸುವ ಸಾಧನ ಹಾಕಿಸಬೇಕು, ಇಲ್ಲವೇ ಶೇ 70 ಅನಿಲ, ಶೇ 30 ಡೀಸೆಲಿನ ದ್ವಿ-ಇಂಧನಕ್ಕೆ ಬದಲಿಸಿಕೊಳ್ಳಬೇಕು. ಚಳಿಗಾಲದಲ್ಲಿ ಉಸಿರುಗಟ್ಟುವ ಆ ಊರಿಗೆ ಮಸಿಯ ಕಣವೇ ಮೊದಲ ಶತ್ರು. ಅಲ್ಲಿನ ಆಯ್ಕೆಯನ್ನು ನಾನು ಟೀಕಿಸಲಾರೆ. ಆದರೆ 2013ರಲ್ಲಿ ದಾಭೋಲ್ ಕೊಳವೆ ಮಾರ್ಗ ಬೆಂಗಳೂರಿಗೆ ಬಂದು, ಈಗ ಬಡಾವಣೆಗಳಿಗೆಲ್ಲ ಅನಿಲ ಹರಿಯುತ್ತಿರುವಾಗ, ಅದೇ ಎಪ್ಪತ್ತು-ಮೂವತ್ತರ ಸೂತ್ರವನ್ನು ಇಲ್ಲಿಯೂ ಹಾಗೆಯೇ ಇಳಿಸಿಕೊಳ್ಳುವುದು ದುಡುಕು. ಆ ಸೂತ್ರ ಯಾವ ಲೋಡಿನಲ್ಲಿ ಎಂದು ಹೇಳದಿದ್ದರೆ ಅದಕ್ಕೆ ಅರ್ಥವೇ ಇಲ್ಲ, ಎಲ್ಲ ಲೋಡಿನಲ್ಲೂ ಎಂದು ಹೇಳಿದರೆ ಅದರಷ್ಟು ಕೆಟ್ಟ ಅರ್ಥ ಇನ್ನೊಂದಿಲ್ಲ.

ದಾರಿ ಇಲ್ಲದಿಲ್ಲ. 2023ರ ಜುಲೈ 1ರಿಂದ ಜಾರಿಗೆ ಬಂದಿರುವ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಸ ಮಾನದಂಡದಲ್ಲಿ ಕಾರ್ಖಾನೆಯಿಂದ ಹೊಸದಾಗಿ ಬರುವ ಜನರೇಟರ್ ಎಂಜಿನ್ನನ್ನು ಐದು ಲೋಡುಗಳಲ್ಲಿ ಪರೀಕ್ಷಿಸಿ, ಪ್ರತಿಯೊಂದಕ್ಕೂ ಒಂದು ತೂಕ ಕೊಟ್ಟು ಒಟ್ಟು ಅಂಕಿ ತೆಗೆಯಲಾಗುತ್ತದೆ. ಆ ತೂಕದಲ್ಲಿ ಪೂರ್ಣ ಲೋಡಿಗೆ ಶೇ 5 ಮಾತ್ರ; ಅರ್ಧ ಲೋಡಿಗೆ ಶೇ 30, ಕಾಲು ಲೋಡಿಗೂ ಶೇ 30. ಜನರೇಟರುಗಳು ನಿಜವಾಗಿ ಹೇಗೆ ಬದುಕುತ್ತವೆ ಎಂದು ಅರಿತವರೇ ಮಾಡಿದ ಪಟ್ಟಿ ಅದು. ಹಳೆಯ ಎಂಜಿನ್ನಿಗೆ ಊರಿನಲ್ಲೇ ಕಿಟ್ ಹಾಕಿದ ಮೇಲೆಯೂ ಅದೇ ಪಟ್ಟಿಯಂತೆ, ಯಂತ್ರ ಇರುವ ಜಾಗದಲ್ಲೇ, ಕನಿಷ್ಠಪಕ್ಷ ಕಾಲು, ಅರ್ಧ ಮತ್ತು ಮುಕ್ಕಾಲು ಲೋಡಿನಲ್ಲಿ ಅಳತೆ ಮಾಡಿಸಿ, ಮೀಥೇನನ್ನೂ ಕಾರ್ಬನ್ ಮೊನಾಕ್ಸೈಡನ್ನೂ ಬೇರೆ ಬೇರೆಯಾಗಿ ಬರೆದು ಗ್ರಾಹಕರಿಗೆ ಕೊಡುವುದನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕಡ್ಡಾಯ ಮಾಡಬೇಕು ಎಂಬುದು ನನ್ನ ಮೊದಲ ಕೋರಿಕೆ. ಲೋಡು ಇಳಿದಾಗ ಅನಿಲವನ್ನು ತಾನಾಗಿ ತಗ್ಗಿಸುವ ಅಥವಾ ಪೂರ್ತಿ ನಿಲ್ಲಿಸುವ ನಿಯಂತ್ರಣವಿಲ್ಲದ ಕಿಟ್ಟುಗಳಿಗೆ ಅನುಮತಿಯನ್ನೇ ಕೊಡಬಾರದು ಎಂಬುದು ಎರಡನೆಯದು. ನೆಲಮಾಳಿಗೆಯಲ್ಲಿ ಜನರೇಟರ್ ಇಟ್ಟಿರುವ ಕಟ್ಟಡಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆ ಇರಲೇಬೇಕೆಂದು ಹೇಳಲು ಹೊಸ ಕಾನೂನೂ ಬೇಕಾಗಿಲ್ಲ, ಸಂಘಗಳು ಮನಸ್ಸು ಮಾಡಿದರೆ ಸಾಕು.

ನಮ್ಮ ಸಮುಚ್ಚಯದಲ್ಲಿ ಕೊನೆಗೆ ಮಾಡಿದ್ದು ಇಷ್ಟೇ. ಗುತ್ತಿಗೆದಾರರನ್ನು ಒಪ್ಪಿಸಿ, ಲೋಡು ಶೇ 40ಕ್ಕಿಂತ ಕೆಳಗಿಳಿದರೆ ಎಂಜಿನ್ ಪೂರ್ತಿ ಡೀಸೆಲಿಗೆ ಮರಳುವಂತೆ ನಿಯಂತ್ರಕವನ್ನು ಹೊಂದಿಸಿದೆವು. ರಾತ್ರಿಯ ವಾಸನೆ ನಿಂತಿತು. ಕಳೆದ ನಾಲ್ಕು ತಿಂಗಳ ಲಾಗ್ ಪುಸ್ತಕ ಕೂಡಿಸಿ ನೋಡಿದರೆ ಡೀಸೆಲ್ ಉಳಿತಾಯ ಶೇ 70 ಅಲ್ಲ, ಶೇ 31. ಸಂಘದ ನೋಟಿಸ್ ಬೋರ್ಡಿನಲ್ಲಿ ಈಗ ಆ ಅಂಕಿಯನ್ನೇ ಹಾಕಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ,
ಬೆಂಗಳೂರು